ಹುಲಿ ಶಾರ್ಕುಗಳ ನಡುವೆ ಒಂದು ಗಂಟೆ

(ಸಂಘದ ಸ್ಥಾಪನಾ ದಿನೋತ್ಸವದ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕನ್ನಡ ಸಂಘದ ವೇದಿಕೆಗೆ ವೈದ್ಯರನ್ನು ಕರೆದರೆ ಅವರು ಮಾತನಾಡಬೇಕಾದ ವಿಷಯ ಮೊದಲೇ ಗೊತ್ತುಪಡಿಸಿದಂತೆ ಇರುತ್ತದೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್. ಅದೂ ಹೋಳಿಗೆ ಊಟಕ್ಕೆ ಮುಂಚೆ ಅರ್ಧ ಗಂಟೆ. ಸಭಿಕರು ತಲೆದೂಗಿ ಕೇಳಿ, ಆಮೇಲೆ ಎರಡೆರಡು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಭಾಷಣ ಮಾಡಿದವರೂ ಅವರ ಹಿಂದೆಯೇ ತಟ್ಟೆ ಹಿಡಿದು ನಿಂತಿರುತ್ತಾರೆ. ಈ ಸಲ ಸಮಿತಿಯವರು ಕೃಪೆಯಿಟ್ಟು, "ನೀವು ಶಾರ್ಕುಗಳ ಜೊತೆ ಈಜಿ ಬಂದಿರಂತೆ, ಅದನ್ನೇ ಹೇಳಿ" ಎಂದು ಅಪ್ಪಣೆ ಮಾಡಿದ್ದಾರೆ. ಸಂತೋಷ. ಆದರೆ ಹೃದಯದ ಮಾತು ನಡುವೆ ಬಂದೇ ಬರುತ್ತದೆ, ಅದಕ್ಕೆ ಕಾರಣವನ್ನೂ ಹೇಳುತ್ತೇವೆ.

ಮೊದಲಿಗೆ, ಈ 'ನಾವು' ಎಂದರೆ ಯಾರು? ಮೂರು ಸಂಸಾರದ ಆರು ಮಂದಿ. ಅದರಲ್ಲಿ ನಾಲ್ವರು ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೇರಿಕಕ್ಕೆ ಬಂದು ರೆಸಿಡೆನ್ಸಿಯ ನಿದ್ದೆಯಿಲ್ಲದ ರಾತ್ರಿಗಳನ್ನು ದಾಟಿದ ವೈದ್ಯರು. ಒಬ್ಬರು ಎಂಜಿನಿಯರ್, ಒಬ್ಬರು ಶಾಲೆಯ ಉಪಾಧ್ಯಾಯಿನಿ. ಎಲ್ಲರೂ ನಲವತ್ತು ದಾಟಿದವರು. ಸಮುದ್ರ ನಮ್ಮ ರಕ್ತದಲ್ಲಿ ಇದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಆರರಲ್ಲಿ ಐದು ಮಂದಿ ಬಯಲುಸೀಮೆಯವರು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಆ ಬಾವಿಯಲ್ಲಿ ನಮಗೆ ಗೊತ್ತಿದ್ದ ಅತಿ ಭಯಂಕರ ಪ್ರಾಣಿ ನೀರುಹಾವು. ಆರನೆಯವರು ಮಾತ್ರ ಉಡುಪಿಯ ಕಡೆಯವರು. ಶಾರ್ಕಿಗೆ ತುಳುವಿನಲ್ಲಿ 'ತಾಟೆ', ಕೊಂಕಣಿಯಲ್ಲಿ 'ಮೋರಿ' ಎಂದು ನಮಗೆ ಹೇಳಿಕೊಟ್ಟವರು ಅವರೇ. ಅವರ ಪಾಲಿಗೆ ಶಾರ್ಕು ಎಂದರೆ ಸಂತೆಯ ಬುಟ್ಟಿಯಲ್ಲಿ ಇದ್ದ ಮೀನು. ನಮ್ಮ ಪಾಲಿಗೆ ಅದು ಸಿನಿಮಾದಲ್ಲಿ ಇದ್ದ ರಾಕ್ಷಸ.

ಆ ಸಿನಿಮಾ ಯಾವುದೆಂದು ತಮಗೆ ಗೊತ್ತು. ಪೀಟರ್ ಬೆಂಚ್ಲಿ 1974ರಲ್ಲಿ ಬರೆದ 'ಜಾಸ್' ಕಾದಂಬರಿ 1975ರಲ್ಲಿ ಚಲನಚಿತ್ರವಾಯಿತು. ಅಂದಿನಿಂದ ಲೋಕದ ಅರ್ಧ ಜನ ಸಮುದ್ರಕ್ಕೆ ಕಾಲಿಡುವ ಮುಂಚೆ ಆ ವಾದ್ಯದ ಸದ್ದನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳುತ್ತಾರೆ. ಆ ಲೇಖಕರೇ ಮುಂದೆ ತಮ್ಮ ಜೀವನದ ಬಹುಭಾಗವನ್ನು ಶಾರ್ಕುಗಳ ರಕ್ಷಣೆಗಾಗಿ ಮಾತನಾಡುತ್ತ ಕಳೆದರು ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಶಾರ್ಕು ಮನುಷ್ಯನನ್ನು ಕಚ್ಚಿದ ಪ್ರಕರಣಗಳ ಲೆಕ್ಕವನ್ನು ಫ್ಲೋರಿಡಾದ ಗೇನ್ಸ್‌ವಿಲ್‌ನಲ್ಲಿರುವ ಪ್ರಕೃತಿ ವಸ್ತುಸಂಗ್ರಹಾಲಯ ಇಟ್ಟುಕೊಂಡು ಬಂದಿದೆ. ಮನುಷ್ಯ ಕೆಣಕದೆ ಇದ್ದಾಗ ಆದ ಕಡಿತಗಳು ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಸರಾಸರಿ 60-70. ಅದರಲ್ಲಿ ಸಾವಿಗೀಡಾಗುವವರು ಸಾಮಾನ್ಯವಾಗಿ ಹತ್ತರ ಒಳಗೆ. ಊರಿನಲ್ಲಿ ಮಳೆಗಾಲದಲ್ಲಿ ಗದ್ದೆಗೆ ಹೋಗುವ ರೈತ ಹಾವಿನಿಂದ ಎದುರಿಸುವ ಅಪಾಯದ ಮುಂದೆ ಇದು ಏನೂ ಅಲ್ಲ.

ಹಾಗೆಂದು ಶಾರ್ಕು ಸಾಧುಪ್ರಾಣಿ ಎಂದು ಯಾರೂ ತಿಳಿಯಬಾರದು. 500ಕ್ಕೂ ಹೆಚ್ಚು ಜಾತಿಯ ಶಾರ್ಕುಗಳಿವೆ. ಅಂಗೈ ಉದ್ದದವೂ ಇವೆ, ಬಸ್ಸಿನಷ್ಟು ಉದ್ದದವೂ ಇವೆ. ಮನುಷ್ಯರನ್ನು ಕಚ್ಚಿದ ಪಟ್ಟಿಯಲ್ಲಿ ಮೊದಲ ಮೂರು ಸ್ಥಾನ ಬಿಳಿ ಶಾರ್ಕು, ಹುಲಿ ಶಾರ್ಕು, ಗೂಳಿ ಶಾರ್ಕುಗಳಿಗೆ. ನಾವು ನೋಡಲು ಹೋದದ್ದು ಎರಡನೆಯದನ್ನು. ಮರಿಯಾಗಿದ್ದಾಗ ಮೈಮೇಲೆ ಹುಲಿಯಂಥ ಪಟ್ಟೆಗಳು ಎದ್ದು ಕಾಣುತ್ತವೆ, ವಯಸ್ಸಾದಂತೆ ಮಾಸುತ್ತವೆ. ಹತ್ತರಿಂದ ಹದಿನಾಲ್ಕು ಅಡಿ ಬೆಳೆಯುವುದು ಸಾಮಾನ್ಯ. ಅದರ ಹಲ್ಲು ನೇರವಾದ ಚಾಕುವಿನಂತಿರದೆ ಒಂದು ಬದಿಗೆ ವಾಲಿಕೊಂಡು, ಅಂಚಿನಲ್ಲಿ ಗರಗಸದಂತೆ ಇರುತ್ತದೆ. ಆಮೆಯ ಚಿಪ್ಪನ್ನು ಕತ್ತರಿಸಲು ಹೇಳಿ ಮಾಡಿಸಿದ ಉಪಕರಣ. ಇದರ ಹೊಟ್ಟೆಯಲ್ಲಿ ಮೀನು, ಆಮೆ, ಹಕ್ಕಿಗಳ ಜೊತೆಗೆ ಕಾರಿನ ನಂಬರ್ ಪ್ಲೇಟುಗಳೂ ಸಿಕ್ಕಿರುವುದರಿಂದ ಇದಕ್ಕೆ ಸಮುದ್ರದ ಕಸದ ಬುಟ್ಟಿ ಎಂಬ ಅಡ್ಡಹೆಸರೂ ಉಂಟು.

ವೈದ್ಯರಾದ ನಮ್ಮನ್ನು ಬೆರಗುಗೊಳಿಸಿದ್ದು ಹಲ್ಲಿಗಿಂತ ಮೂತಿ. ಶಾರ್ಕಿನ ಮೂತಿಯ ಮೇಲೆ ಕರಿಚುಕ್ಕೆಗಳ ಹಾಗೆ ಕಾಣುವ ಸಣ್ಣ ರಂಧ್ರಗಳಿವೆ. ಒಳಗೆ ಲೋಳೆ ತುಂಬಿದ ನಾಳಗಳು. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲಿಯೇ ಇವುಗಳನ್ನು ವರ್ಣಿಸಿದರು. ಇವು ವಿದ್ಯುತ್ತನ್ನು ಗ್ರಹಿಸುವ ಅಂಗಗಳೆಂದು ಗೊತ್ತಾದದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ. ಒಂದು ಸೆಂಟಿಮೀಟರಿಗೆ ಒಂದು ವೋಲ್ಟಿನ ಕೋಟಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ವಿದ್ಯುತ್ತನ್ನೂ ಅವು ಗುರುತಿಸಬಲ್ಲವು. ಮರಳಿನಡಿ ಅಡಗಿದ ಮೀನಿನ ಸ್ನಾಯು ಮಿಡಿದರೆ ಮೇಲೆ ಹೋಗುವ ಶಾರ್ಕಿಗೆ ತಿಳಿಯುತ್ತದೆ. ನಾವು ರೋಗಿಯ ಮೈಗೆ ಹತ್ತು ತಂತಿ ಅಂಟಿಸಿ ಇ.ಸಿ.ಜಿ. ತೆಗೆಯುತ್ತೇವೆ, ಶಾರ್ಕು ತಂತಿಯಿಲ್ಲದೆಯೇ ಆ ಕೆಲಸ ಮಾಡುತ್ತದೆ. 40 ಕೋಟಿ ವರ್ಷಗಳಿಗೂ ಹಿಂದಿನ ವಂಶ ಇವರದು. ಭೂಮಿಯ ಮೇಲೆ ಮರಗಳು ಹುಟ್ಟುವುದಕ್ಕೆ ಮುಂಚೆಯೇ ಸಮುದ್ರದಲ್ಲಿ ಇವರ ಪೂರ್ವಜರು ಈಜಾಡುತ್ತಿದ್ದರು.

ಇನ್ನು ಹೃದಯದ ಮಾತು.

ನೀರಿನಡಿಯ ಈಜು, ಅಂದರೆ ಸ್ಕೂಬಾ, ಹೊರಗಿನಿಂದ ನೋಡಲು ಆರಾಮದ ಆಟ. ಶರೀರಕ್ಕೆ ಮಾತ್ರ ಅದು ಆರಾಮವಲ್ಲ. ಪಿ.ಯು.ಸಿ.ಯಲ್ಲಿ ಉರುಹೊಡೆದ ಬಾಯ್ಲನ ನಿಯಮವನ್ನು ತಾವು ಜ್ಞಾಪಿಸಿಕೊಳ್ಳಬೇಕು. ಹತ್ತು ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ, ಗಾಳಿಯ ಗಾತ್ರ ಅರ್ಧವಾಗುತ್ತದೆ. ಕಿವಿಯೊಳಗಿನ ಗಾಳಿಗೆ ದಾರಿ ಮಾಡಿಕೊಡದಿದ್ದರೆ ತಮಟೆ ಹರಿಯುತ್ತದೆ. ಏರುವಾಗ ಇದೇ ಲೆಕ್ಕ ತಿರುಗುಮುರುಗು. ಕೆಳಗೆ ಉಸಿರೆಳೆದುಕೊಂಡು ಅದನ್ನು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶ ಉಬ್ಬಿ ಹರಿದು, ಗಾಳಿಯ ಗುಳ್ಳೆ ನೇರವಾಗಿ ಮಿದುಳಿಗೆ ಹೋಗಬಹುದು. ಇದಕ್ಕೆ ಆಳ ಸಮುದ್ರವೇ ಬೇಕಿಲ್ಲ, ಈಜುಕೊಳದ ಆಳ ಸಾಕು. ಆಳದಲ್ಲಿ ಬಹಳ ಹೊತ್ತು ಇದ್ದರೆ ಸಾರಜನಕ ರಕ್ತದಲ್ಲಿ ಕರಗುತ್ತದೆ. ಅವಸರದಿಂದ ಏರಿದರೆ ಸೋಡಾ ಬಾಟಲಿಯ ಬಿರಡೆ ತೆಗೆದ ಹಾಗೆ ಗುಳ್ಳೆಯೇಳುತ್ತದೆ. ಅದಕ್ಕಾಗಿಯೇ ನಿಧಾನವಾಗಿ ಏರಬೇಕು, ಹಲವು ದಿನ ಮುಳುಗಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕತ್ತಿನವರೆಗೆ ನೀರಿನಲ್ಲಿ ಇಳಿದ ತಕ್ಷಣ ಕಾಲುಗಳಲ್ಲಿದ್ದ ರಕ್ತ ಅರ್ಧ ಲೀಟರಿಗೂ ಹೆಚ್ಚು ಎದೆಯ ಕಡೆಗೆ ಸರಿಯುತ್ತದೆ. ಹೃದಯಕ್ಕೆ ದಿಢೀರನೆ ಹೆಚ್ಚಿನ ಕೆಲಸ. ಅದರ ಮೇಲೆ ತಣ್ಣೀರು, ಭಾರದ ಸಿಲಿಂಡರು, ಪ್ರವಾಹ, ಭಯ. ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆ ಮುಳುಗುಗಾರರ ಸಾವುಗಳನ್ನು ಬಹಳ ವರ್ಷಗಳಿಂದ ಅಭ್ಯಾಸ ಮಾಡಿದೆ. ಅಂಥ ಸಾವುಗಳಲ್ಲಿ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಹೃದಯದ ತೊಂದರೆಯೇ ಕಾರಣ. ಶಾರ್ಕುಗಳಿಗೆ ಆ ಪಟ್ಟಿಯಲ್ಲಿ ಹೇಳಿಕೊಳ್ಳುವಂಥ ಸ್ಥಾನವೇ ಇಲ್ಲ. ಇನ್ನು ನಮ್ಮ ಕಡೆಯವರ ಹೃದಯ ಎಂಥದ್ದು? 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಮಧ್ಯಮ ವಯಸ್ಸು 53. ಉಳಿದ ದೇಶದವರಿಗೆ ಸುಮಾರು 59. ಇದು 2007ರಲ್ಲಿ ಪ್ರಕಟವಾದ ಸಂಗತಿ. ಆರು ವರ್ಷ ಮುಂಚಿತವಾಗಿ ಬರುವ ಈ ಅತಿಥಿಯನ್ನು ನಾವ್ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ 2023ರ ಬೇಸಿಗೆಯಲ್ಲಿ, ಪ್ರವಾಸಕ್ಕೆ ಹಣ ಕಟ್ಟುವ ಮುಂಚೆ, ಆರೂ ಮಂದಿ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳುವುದೆಂದು ಒಪ್ಪಂದ ಮಾಡಿಕೊಂಡೆವು. ಮುಳುಗುಗಾರರು ತುಂಬಬೇಕಾದ ಪ್ರಶ್ನಾವಳಿಯಲ್ಲಿ 45 ದಾಟಿದ್ದೀರಾ ಎಂಬ ಪ್ರಶ್ನೆಯೇ ಇದೆ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದವರು, ದಿನವೂ ಓಡುವವರು, ಸಿಗರೇಟು ಮುಟ್ಟದವರು ಒಬ್ಬರು ಇದ್ದಾರೆ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಅವರ ಇ.ಸಿ.ಜಿ. ಒಂಬತ್ತನೇ ನಿಮಿಷಕ್ಕೆ ಬದಲಾಯಿತು. ನೋವಿಲ್ಲ, ಉಬ್ಬಸವಿಲ್ಲ. ಆಂಜಿಯೋಗ್ರಾಮ್ ಮಾಡಿದಾಗ ಹೃದಯದ ಎಡಭಾಗದ ಮುಖ್ಯ ಧಮನಿ ತೊಂಬತ್ತು ಭಾಗ ಮುಚ್ಚಿತ್ತು. ಅದೇ ವಾರ ಸ್ಟೆಂಟ್ ಹಾಕಿದರು. ಆ ರಾತ್ರಿ ಆಸ್ಪತ್ರೆಯ ಕಾಯುವ ಕೊಠಡಿಯಲ್ಲಿ, ದಿನವೂ ಇನ್ನೊಬ್ಬರ ಮನೆಯವರಿಗೆ ಧೈರ್ಯ ಹೇಳುವ ನಾವೇ, ಪೇಪರ್ ಕಪ್ಪಿನ ಕಾಫಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದೆವು. ಅವರ ಮನೆಯಾಕೆ ಒಂದೇ ಮಾತು ಹೇಳಿದರು: "ಇವರು ಶಾರ್ಕಿನ ಹುಚ್ಚು ಹಿಡಿಸಿಕೊಳ್ಳದೆ ಇದ್ದಿದ್ದರೆ ಪರೀಕ್ಷೆಗೆ ಯಾವಾಗ ಹೋಗುತ್ತಿದ್ದರು?" ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಪ್ರವಾಸವನ್ನು ಬಿಟ್ಟುಬಿಡೋಣ ಎಂದರೆ ಅವರೇ ಒಪ್ಪಲಿಲ್ಲ. ತಾವು ದೋಣಿಯಲ್ಲೇ ಇದ್ದು ನಳಪಾಕದ ಭಾರ ಹೊರುತ್ತೇವೆಂದರು. ಹಾಗಾಗಿ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ, ಫ್ಲೋರಿಡಾದ ಪಾಮ್ ಬೀಚ್ ಕಡೆಯಿಂದ ರಾತ್ರಿ ದೋಣಿ ಹತ್ತಿದೆವು. ಅಲ್ಲಿಂದ ಗಲ್ಫ್ ಪ್ರವಾಹವನ್ನು ದಾಟಿ ಸುಮಾರು 55-60 ಮೈಲಿ ಹೋದರೆ ಬಹಾಮಾಸ್ ದೇಶದ ಗ್ರ್ಯಾಂಡ್ ಬಹಾಮ ದ್ವೀಪದ ಪಶ್ಚಿಮದ ತುದಿ. ಬೆಳಿಗ್ಗೆ ಸುಂಕದ ಕಟ್ಟೆಯ ಕೆಲಸ ಮುಗಿಸಿ ಇನ್ನೂ ಸುಮಾರು 20 ಮೈಲಿ ಹೋದರೆ 'ಟೈಗರ್ ಬೀಚ್'. ಹೆಸರಿನಲ್ಲಿ ಬೀಚ್ ಇದೆಯೇ ಹೊರತು ಅಲ್ಲಿ ತೀರವಿಲ್ಲ, ಮರವಿಲ್ಲ, ಎಳನೀರಿಲ್ಲ. ನಡುಸಮುದ್ರದಲ್ಲಿ ಇಪ್ಪತ್ತರಿಂದ ನಲವತ್ತು ಅಡಿ ಆಳದ ಬಿಳಿ ಮರಳಿನ ಬಯಲು, ಅಲ್ಲಲ್ಲಿ ಕಡಲಹುಲ್ಲು.

ಇಷ್ಟು ದೂರ ಹೋಗುವ ಅಗತ್ಯವೇನು, ಫ್ಲೋರಿಡಾದ ನೀರಿನಲ್ಲಿ ಶಾರ್ಕಿಲ್ಲವೇ ಎಂದು ತಾವು ಕೇಳಬಹುದು. ಇವೆ, ಧಾರಾಳವಾಗಿ ಇವೆ. ಆದರೆ ಮುಳುಗುಗಾರರು ಶಾರ್ಕುಗಳಿಗೆ ಆಹಾರ ಹಾಕುವುದನ್ನು ಫ್ಲೋರಿಡಾ ರಾಜ್ಯ 2001ರಲ್ಲಿ ನಿಷೇಧಿಸಿತು. ಬಹಾಮಾಸ್ ಬೇರೆ ದಾರಿ ಹಿಡಿಯಿತು. ಅಲ್ಲಿ 1993ರಲ್ಲೇ ಸಾವಿರಾರು ಗಾಳಗಳ ಉದ್ದ ಹಗ್ಗದ ಮೀನುಗಾರಿಕೆಯನ್ನು ನಿಲ್ಲಿಸಿದರು. 2011ರಲ್ಲಿ ತಮ್ಮ ಸಮುದ್ರವನ್ನೆಲ್ಲ, ಅಂದರೆ ಸುಮಾರು 6,30,000 ಚದರ ಕಿಲೋಮೀಟರನ್ನು, ಶಾರ್ಕುಗಳ ಅಭಯಧಾಮವೆಂದು ಸಾರಿ ಅವುಗಳ ವಾಣಿಜ್ಯ ಬೇಟೆಯನ್ನು ನಿಷೇಧಿಸಿದರು. ನಮ್ಮ ಕರ್ನಾಟಕದ ಮೂರರಷ್ಟಕ್ಕಿಂತಲೂ ದೊಡ್ಡ ಅಭಯಧಾಮ! ಇದರಲ್ಲಿ ವ್ಯಾಪಾರದ ಜಾಣತನವೂ ಇದೆ. ಶಾರ್ಕು ನೋಡಲು ಬರುವವರಿಂದ 2014ರಲ್ಲಿ ಆ ದೇಶದ ಆರ್ಥಿಕತೆಗೆ ಸುಮಾರು 11 ಕೋಟಿ 38 ಲಕ್ಷ ಡಾಲರ್ ಬಂತೆಂದು ಒಂದು ಅಧ್ಯಯನ ಲೆಕ್ಕ ಹಾಕಿದೆ. ಸತ್ತ ಶಾರ್ಕನ್ನು ಒಮ್ಮೆ ಮಾರಬಹುದು, ಬದುಕಿದ ಶಾರ್ಕನ್ನು ಪ್ರತಿವಾರ ತೋರಿಸಬಹುದು ಎಂಬ ಗಣಿತ ಅವರಿಗೆ ಬೇಗ ತಿಳಿಯಿತು.

ನೀರಿಗಿಳಿಯುವ ಮುನ್ನ ದೋಣಿಯವರು ಒಂದು ಗಂಟೆ ಪಾಠ ಮಾಡಿದರು. ಪ್ರಥಮ ಎಂ.ಬಿ.ಬಿ.ಎಸ್. ಅಂಗರಚನಾಶಾಸ್ತ್ರದ ತರಗತಿಯಲ್ಲೂ ನಾವು ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಕೈಗೆ ಕಪ್ಪು ಕೈಗವಸು, ತಲೆಗೆ ಕಪ್ಪು ಟೋಪಿ ಕಡ್ಡಾಯ. ಬಿಳಿಚಾಗಿ ಅಲ್ಲಾಡುವ ಅಂಗೈ ಮೀನಿನ ತುಂಡಿನಂತೆ ಕಾಣುತ್ತದೆ. ಉಂಗುರ, ಸರ, ಬಳೆ ಎಲ್ಲ ದೋಣಿಯಲ್ಲೇ ಇರಬೇಕು. ಮಂಗಳಸೂತ್ರವನ್ನು ಬಿಚ್ಚುವುದೋ ಬೇಡವೋ ಎಂಬ ಚರ್ಚೆ ನಮ್ಮಲ್ಲಿ ಹತ್ತು ನಿಮಿಷ ನಡೆದು, ಒಳಉಡುಪಿನೊಳಗೆ ಬಿಗಿಯಾಗಿ ಮುಚ್ಚಿಕೊಳ್ಳುವ ರಾಜಿಯಲ್ಲಿ ಮುಗಿಯಿತು. ಸೊಂಟಕ್ಕೆ ಹೆಚ್ಚಿಗೆ ಸೀಸದ ಭಾರ ಕಟ್ಟಿಕೊಂಡು ಮರಳಿನ ಮೇಲೆ ಸಾಲಾಗಿ ಮಂಡಿಯೂರಿ ಕೂರಬೇಕು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕೊಳವೆ, ಹೊಡೆಯಲು ಅಲ್ಲ, ನಡುವೆ ಹಿಡಿದುಕೊಳ್ಳಲು. ಎಲ್ಲಕ್ಕಿಂತ ದೊಡ್ಡ ನಿಯಮ: ಹುಲಿ ಶಾರ್ಕಿಗೆ ಬೆನ್ನು ಹಾಕಬಾರದು. ಅದರ ಕಣ್ಣನ್ನೇ ನೋಡುತ್ತಿರಬೇಕು. ಅದು ಹಿಂದಿನಿಂದ ಬರಲು ಇಷ್ಟಪಡುವ ಪ್ರಾಣಿ. ತನ್ನನ್ನು ನೋಡಿದ್ದಾರೆಂದು ತಿಳಿದರೆ ಸಾಮಾನ್ಯವಾಗಿ ದಾರಿ ಬದಲಿಸುತ್ತದೆ.

ಆ ಜಾಗದಲ್ಲಿ ಮುಳುಗುವವರಿಗೆಲ್ಲ ಪರಿಚಿತಳಾದ ಒಂದು ಹೆಣ್ಣು ಹುಲಿ ಶಾರ್ಕಿಗೆ ಎಮ್ಮಾ ಎಂದು ಹೆಸರಿಟ್ಟಿದ್ದರಂತೆ. ದೋಣಿಯವರು ಭಕ್ತಿಯಿಂದ ಅವಳ ಕಥೆ ಹೇಳುತ್ತಿದ್ದರೆ ನಮಗೆ 'ಎಮ್ಮೆ' ಎಂದೇ ಕೇಳಿಸಿ ನಗು ತಡೆಯಲಾಗಲಿಲ್ಲ. ಅವರಿಗೆ ವಿವರಿಸಿದೆವು. ನಮ್ಮ ಊರಿನಲ್ಲೂ ಹೀಗೇ ಪ್ರತಿಯೊಂದಕ್ಕೂ ಹೆಸರಿಟ್ಟು ಕರೆಯುತ್ತೇವೆ, ಆದರೆ ಅವು ಹಾಲು ಕೊಡುತ್ತವೆ ಎಂದೆವು.

ನೀರಿಗೆ ಹಾರಿದೆವು. ಇಪ್ಪತ್ತೆರಡು ಅಡಿ ಆಳ. ಬೆಳಕು ಎಷ್ಟು ಸ್ವಚ್ಛವೆಂದರೆ ದೋಣಿಯ ನೆರಳು ಮರಳಿನ ಮೇಲೆ ಗೆರೆ ಕೊರೆದಂತೆ ಕಾಣುತ್ತಿತ್ತು. ಮೀನಿನ ತುಂಡುಗಳಿದ್ದ ಪೆಟ್ಟಿಗೆಯ ಸುತ್ತ ನಿಂಬೆ ಶಾರ್ಕುಗಳು ಆಗಲೇ ನೆರೆದಿದ್ದವು. ಎಂಟು ಅಡಿ ಉದ್ದದ, ಹಳದಿ ಮಿಶ್ರಿತ ಮೈಯ, ಹೊರಚಾಚಿದ ಹಲ್ಲಿನ ಇವು ಮರಳಿನ ಮೇಲೆ ಬಂದು ಮಲಗುತ್ತವೆ ಕೂಡ. ಕೆರಿಬಿಯನ್ ಬಂಡೆ ಶಾರ್ಕುಗಳು ಚುರುಕಾಗಿ ನಮ್ಮ ಭುಜಗಳ ನಡುವೆಯೇ ನುಸುಳಿದವು. ಮೊದಲ ಐದು ನಿಮಿಷ ನಮ್ಮ ಉಸಿರಿನ ಗುಳ್ಳೆಗಳ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಗಾಳಿಯ ಮಾಪಕ ನೋಡಿದರೆ ನಮ್ಮಲ್ಲಿ ಇಬ್ಬರು ಸಾಮಾನ್ಯಕ್ಕಿಂತ ಎರಡರಷ್ಟು ಗಾಳಿ ಎಳೆದಿದ್ದರು. ಭಯವನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ.

ಇಪ್ಪತ್ತು ನಿಮಿಷವಾದ ಮೇಲೆ ನಿಂಬೆ ಶಾರ್ಕುಗಳು ಒಮ್ಮೆಗೇ ಬದಿಗೆ ಸರಿದವು. ಹಳ್ಳಿಯ ಜಗಲಿಯ ಮೇಲೆ ಹರಟುತ್ತಿದ್ದವರು ಹಿರಿಯರು ಬಂದರೆ ಎದ್ದು ಜಾಗ ಬಿಡುತ್ತಾರಲ್ಲ, ಹಾಗೆ. ನೀಲಿಯ ಅಂಚಿನಿಂದ ಒಂದು ಅಗಲವಾದ, ಮೊಂಡಾದ ಮೂತಿ ಕಂಡಿತು. ಅದರ ಹಿಂದೆ ಮೈ ಬರುತ್ತಲೇ ಇತ್ತು, ಬರುತ್ತಲೇ ಇತ್ತು. ಸುಮಾರು ಹದಿಮೂರು ಅಡಿ. ಅವಸರವೆಂಬುದೇ ಇಲ್ಲ. ಬಾಲದ ಒಂದು ಬೀಸಿಗೂ ಇನ್ನೊಂದಕ್ಕೂ ನಡುವೆ ನಾವು ಎರಡು ಉಸಿರು ತೆಗೆಯುತ್ತಿದ್ದೆವು. ಸಾಲಿನ ಎದುರಿಗೆ ಒಬ್ಬೊಬ್ಬರನ್ನೂ ನೋಡುತ್ತ ಸಾಗಿತು. ಕಣ್ಣು ಕಪ್ಪಾಗಿ, ಗಾಜಿನ ಗೋಲಿಯಷ್ಟು ಹೊಳಪಾಗಿ ಇತ್ತು. ನಮ್ಮ ಮಾರ್ಗದರ್ಶಿ ಅಂಗೈಯನ್ನು ಅದರ ಮೂತಿಯ ಮೇಲಿಟ್ಟು, ತುಂಟ ಕರುವನ್ನು ಸರಿಸುವಂತೆ ಮೆಲ್ಲಗೆ ಬದಿಗೆ ತಿರುಗಿಸಿದರು. ಹತ್ತಿರ ಬಂದಾಗ ಅದರ ಕಣ್ಣಿನ ಮೇಲೆ ಬಿಳಿಯ ಪೊರೆ ಜಾರಿಬಂದು ಮುಚ್ಚಿತು. ತನ್ನ ಕಣ್ಣನ್ನು ಅದು ನಮ್ಮಿಂದ ಕಾಪಾಡಿಕೊಳ್ಳುತ್ತಿತ್ತು!

ಅದರ ಹೊಟ್ಟೆ ಎರಡು ಕಡೆಗೂ ಉಬ್ಬಿತ್ತು. ಬಸುರಿಯೋ ಏನೋ ಎಂದು ನಮ್ಮ ಗುಂಪಿನ ಪ್ರಸೂತಿ ತಜ್ಞೆ ಕೈಸನ್ನೆಯಲ್ಲಿ ತೋರಿಸಿದರು. ಇದು ಸುಮ್ಮನೆ ಮಾಡಿದ ಊಹೆಯಲ್ಲ. ನೀಲ್ ಹ್ಯಾಮರ್‌ಶ್ಲಾಗ್, ಜೇಮ್ಸ್ ಸುಲಿಕೊವ್ಸ್ಕಿ ಮುಂತಾದ ವಿಜ್ಞಾನಿಗಳು ಇದೇ ಜಾಗದಲ್ಲಿ ಹುಲಿ ಶಾರ್ಕುಗಳನ್ನು ಹಿಡಿದು, ದೋಣಿಯ ಪಕ್ಕದಲ್ಲೇ ಅವುಗಳ ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ನೋಡಿ ಬಿಟ್ಟಿದ್ದರು. ಅಲ್ಲಿ ಹೆಣ್ಣುಗಳೇ ಹೆಚ್ಚು, ಬಸುರಿಯರೂ ಅಲ್ಲಿಗೆ ಬರುತ್ತಾರೆ ಎಂದು 2016ರಲ್ಲಿ ಪ್ರಕಟಿಸಿದರು. ಹುಲಿ ಶಾರ್ಕಿನ ಗರ್ಭಾವಧಿ ಒಂದು ವರ್ಷಕ್ಕೂ ಹೆಚ್ಚು. ಗಂಡುಗಳ ಕಾಟವಿಲ್ಲದೆ ಬೆಚ್ಚಗಿನ ನೀರಿನಲ್ಲಿ ಇರಲು ಬರುವ ತವರುಮನೆ ಅದು ಎಂದು ನಾವು ತೀರ್ಮಾನಿಸಿದೆವು. ಹಾಗೆ ನೋಡಿದ ಮೇಲೆ ಭಯ ಹೋಯಿತೆಂದು ಹೇಳುವುದಿಲ್ಲ. ಆದರೆ ಭಯದ ಜಾಗದಲ್ಲಿ ಒಂದು ಮರ್ಯಾದೆ ಬಂದು ಕೂತಿತು. ಒಟ್ಟು ಒಂದು ಗಂಟೆ ಇದ್ದೆವು. ಮೇಲೆ ಬಂದಾಗ ನಮ್ಮ ಸ್ಟೆಂಟಿನ ಗೆಳೆಯರು ಉಪ್ಪಿಟ್ಟು ಮಾಡಿಟ್ಟುಕೊಂಡು, ಐವರ ತಲೆಯನ್ನೂ ಎಣಿಸುತ್ತ ನಿಂತಿದ್ದರು. ಎರಡು ಸಲ ಎಣಿಸಿದರು.

ಇನ್ನು ತಕರಾರಿನ ವಿಷಯಕ್ಕೆ ಬರೋಣ. ಕಾಡುಪ್ರಾಣಿಗೆ ಆಹಾರ ತೋರಿಸಿ ಕರೆಯುವುದು ಸರಿಯೇ? ಬಂಡೀಪುರದಲ್ಲಿ ಯಾರಾದರೂ ಜೀಪಿನಿಂದ ಹುಲಿಗೆ ಮಾಂಸ ಎಸೆದರೆ ನಾವೇ ಮೊದಲು ದೂರು ಕೊಡುತ್ತೇವೆ. ಅಪಾಯ ಇಲ್ಲವೆನ್ನುವಂತೆಯೂ ಇಲ್ಲ. 2008ರ ಫೆಬ್ರವರಿಯಲ್ಲಿ ಫ್ಲೋರಿಡಾದಿಂದ ಬಹಾಮಾಸಿಗೆ ಹೀಗೆಯೇ ಹೋಗಿದ್ದ ಆಸ್ಟ್ರಿಯಾದ ಒಬ್ಬ ಪ್ರವಾಸಿಯ ಕಾಲಿಗೆ ಶಾರ್ಕು ಕಚ್ಚಿ ಅವರು ತೀರಿಕೊಂಡರು. ಕಾಲಿನ ದೊಡ್ಡ ಧಮನಿ ಹರಿದರೆ ನಿಮಿಷಗಳ ಲೆಕ್ಕ. ಆಸ್ಪತ್ರೆ ಗಂಟೆಗಳ ದೂರ. ಅದಕ್ಕಾಗಿ ನಾವು ರಕ್ತಸ್ರಾವ ತಡೆಯುವ ಟೂರ್ನಿಕೆ ಪಟ್ಟಿಗಳನ್ನು ಒಯ್ದಿದ್ದೆವು, ದೋಣಿಯಲ್ಲಿ ಆಮ್ಲಜನಕ ಇದೆಯೇ ಎಂದು ಸಿಲಿಂಡರು ತಿರುಗಿಸಿ ನೋಡಿದೆವು.

ಶಾರ್ಕುಗಳ ಸ್ವಭಾವ ಕೆಡುತ್ತದೆಯೇ ಎಂಬ ಪ್ರಶ್ನೆಗೆ 2012ರಲ್ಲಿ ಒಂದು ಒಳ್ಳೆಯ ಅಧ್ಯಯನ ಬಂತು. ಆಹಾರ ತೋರಿಸುವ ಬಹಾಮಾಸಿನ ಹುಲಿ ಶಾರ್ಕುಗಳಿಗೂ, ಅದನ್ನು ನಿಷೇಧಿಸಿದ ಫ್ಲೋರಿಡಾದ ಹುಲಿ ಶಾರ್ಕುಗಳಿಗೂ ಉಪಗ್ರಹದ ಪಟ್ಟಿ ಕಟ್ಟಿ ಹೋಲಿಸಿದರು. ಊಟ ಸಿಗುವ ಕಡೆಯವು ಅಲ್ಲೇ ಠಿಕಾಣಿ ಹೂಡುತ್ತವೆ ಎಂದು ನಿರೀಕ್ಷೆ. ಬಹಾಮಾಸಿನವು ಫ್ಲೋರಿಡಾದವುಗಳಿಗಿಂತ ಸುಮಾರು ಐದರಷ್ಟು ಹೆಚ್ಚು ವಿಸ್ತಾರದಲ್ಲಿ ತಿರುಗಾಡುತ್ತಿದ್ದವು. ಒಂದು ಅಧ್ಯಯನದಿಂದ ಎಲ್ಲ ಇತ್ಯರ್ಥವಾಗುವುದಿಲ್ಲ, ಎಲ್ಲ ಜಾತಿಯ ಶಾರ್ಕುಗಳೂ ಒಂದೇ ಥರವಲ್ಲ. ನಮ್ಮ ಆರು ಮಂದಿಯಲ್ಲೇ ಈಗಲೂ ಇಬ್ಬರು ಇದು ತಪ್ಪು ಎನ್ನುತ್ತಾರೆ. ಉಳಿದ ನಾಲ್ವರ ವಾದ ಇಷ್ಟೇ: ಪೆಟ್ಟಿಗೆಯೊಳಗಿನ ವಾಸನೆಗೆ ಶಾರ್ಕನ್ನು ಕರೆಯುವ ದೇಶದಲ್ಲಿ ಶಾರ್ಕು ಉಳಿದಿದೆ, ಕರೆಯದೆ ಕೊಲ್ಲುವ ಸಮುದ್ರಗಳಲ್ಲಿ ಉಳಿಯುತ್ತಿಲ್ಲ.

ಎಷ್ಟು ಕೊಲ್ಲುತ್ತಿದ್ದೇವೆ? 2013ರ ಒಂದು ಅಂದಾಜಿನ ಪ್ರಕಾರ ಮನುಷ್ಯ ವರ್ಷಕ್ಕೆ ಸುಮಾರು ಹತ್ತು ಕೋಟಿ ಶಾರ್ಕುಗಳನ್ನು ಕೊಲ್ಲುತ್ತಾನೆ. ತೆರೆದ ಸಾಗರದ ಶಾರ್ಕು ಮತ್ತು ತೊರಕೆ ಮೀನುಗಳ ಸಂಖ್ಯೆ 1970ರಿಂದೀಚೆಗೆ ಶೇಕಡ 71ರಷ್ಟು ಇಳಿದಿದೆ ಎಂದು 2021ರಲ್ಲಿ ಪ್ರಕಟವಾಯಿತು. ಬಹಳಷ್ಟು ರೆಕ್ಕೆಯ ಸೂಪಿಗಾಗಿ, ಉಳಿದದ್ದು ಮಾಂಸಕ್ಕಾಗಿ, ಬಲೆಗೆ ಅಕಸ್ಮಾತ್ತಾಗಿ ಸಿಕ್ಕಿಬಿದ್ದು. ಶಾರ್ಕು ತಡವಾಗಿ ಪ್ರಾಯಕ್ಕೆ ಬರುತ್ತದೆ, ಕಡಿಮೆ ಮರಿ ಹಾಕುತ್ತದೆ. ಬೂತಾಯಿ ಬಂಗುಡೆಗಳ ವೇಗದಲ್ಲಿ ಅದು ಸಂಖ್ಯೆಯನ್ನು ತುಂಬಿಕೊಳ್ಳಲಾರದು.

ಇದರಲ್ಲಿ ವೈದ್ಯಶಾಸ್ತ್ರದ ಹೆಸರಿನಲ್ಲಿ ನಡೆದ ವ್ಯಾಪಾರವೂ ಸೇರಿದೆ. ಶಾರ್ಕಿಗೆ ಕ್ಯಾನ್ಸರ್ ಬರುವುದಿಲ್ಲ ಎಂದು 1992ರಲ್ಲಿ ಒಂದು ಪುಸ್ತಕ ಪ್ರಸಿದ್ಧವಾಗಿ, ಅದರ ಮೃದ್ವಸ್ಥಿಯ ಪುಡಿ ಗುಳಿಗೆಗಳಾಗಿ ಮಾರಾಟವಾಯಿತು. ಶಾರ್ಕಿಗೂ ಕ್ಯಾನ್ಸರ್ ಬರುತ್ತದೆ. ರೋಗಿಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಆ ಪುಡಿಯಿಂದ ಪ್ರಯೋಜನ ಕಾಣಲಿಲ್ಲ. ನಮ್ಮ ಕರಾವಳಿಯ ಒಂದು ನಂಬಿಕೆಯನ್ನೂ ಹೇಳಬೇಕು. ಬಾಣಂತಿಗೆ ಎಳೆಯ ತಾಟೆಯ ಪದಾರ್ಥ ಕೊಟ್ಟರೆ ಎದೆಹಾಲು ಹೆಚ್ಚುತ್ತದೆಂದು ಹೇಳುತ್ತಾರೆ. ಭಾರತದ ಈ ನಂಬಿಕೆಯಿಂದಲೇ ಒಂದು ಜಾತಿಗೆ ಇಂಗ್ಲಿಷಿನಲ್ಲೂ ಹಾಲು ಶಾರ್ಕು ಎಂಬ ಹೆಸರು ಬಂದಿದೆ. ಅಜ್ಜಿಯರ ಪ್ರೀತಿಯನ್ನು ನಾವು ಗೌರವಿಸುತ್ತೇವೆ. ಆದರೆ ದೊಡ್ಡ ಮೀನು ಚಿಕ್ಕ ಮೀನನ್ನು ತಿನ್ನುತ್ತ ಹೋದಂತೆ ಪಾದರಸ ಮೇಲಿನವರಲ್ಲಿ ಶೇಖರವಾಗುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು ಶಾರ್ಕನ್ನು ತಿನ್ನಬಾರದೆಂದು ಅಮೇರಿಕದ ಆಹಾರ ಮತ್ತು ಔಷಧ ಇಲಾಖೆಯ ಸ್ಪಷ್ಟ ಸಲಹೆ ಇದೆ. ಊರಿನಿಂದ ಬಾಣಂತನಕ್ಕೆ ಬರುವ ಅಮ್ಮಂದಿರಿಗೆ ಇದನ್ನು ನಯವಾಗಿ ತಿಳಿಸಿ. ಬೆಳ್ಳುಳ್ಳಿ, ಮೆಂತ್ಯದ ಪಾಕಕ್ಕೆ ನಮ್ಮ ಅಭ್ಯಂತರವಿಲ್ಲ.

ನಮ್ಮ ದೇಶದಿಂದ ಒಳ್ಳೆಯ ಸುದ್ದಿಯೂ ಇದೆ. ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕನ್ನು ಭಾರತ 2001ರಲ್ಲಿ ವನ್ಯಜೀವಿ ಕಾಯಿದೆಯಡಿ ಹುಲಿ, ಆನೆಗಳ ಸಾಲಿಗೆ ಸೇರಿಸಿತು. ಗುಜರಾತಿನಲ್ಲಿ ಮೊರಾರಿ ಬಾಪು ಅವರು, ಇದು ತವರಿಗೆ ಹೆರಿಗೆಗೆ ಬಂದ ಮಗಳು ಎಂಬ ಭಾವನೆಯನ್ನು ಮೀನುಗಾರರಲ್ಲಿ ಬಿತ್ತಿದರು. ಕೊಲ್ಲುತ್ತಿದ್ದವರೇ ತಮ್ಮ ಬಲೆ ಕತ್ತರಿಸಿ ಅದನ್ನು ಬಿಡತೊಡಗಿದರು. 2015ರಲ್ಲಿ ಶಾರ್ಕು ರೆಕ್ಕೆಯ ರಫ್ತನ್ನು ಭಾರತ ನಿಷೇಧಿಸಿತು. ಅಮೇರಿಕದಲ್ಲಿ ರೆಕ್ಕೆಯ ವ್ಯಾಪಾರಕ್ಕೆ ತಡೆ ಬಂದದ್ದು 2022ರ ಡಿಸೆಂಬರಿನಲ್ಲಿ. ಈ ಒಂದು ವಿಷಯದಲ್ಲಿ ನಾವು ಏಳು ವರ್ಷ ಮುಂದೆ!

ಮುಂದಿನ ಸಲ ಊರಿಗೆ ಹೋದಾಗ ಮುರುಡೇಶ್ವರಕ್ಕೆ ಹೋಗಿ. ದೇವರ ದರ್ಶನವಾದ ಮೇಲೆ ಸಮುದ್ರದ ಕಡೆ ನೋಡಿ. ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದ ಮೇಲೆ ಅಲ್ಲಿ ಸ್ಕೂಬಾ ಕಲಿಸುತ್ತಾರೆ. ಹವಳ, ಚಿಟ್ಟೆಮೀನು, ಅದೃಷ್ಟವಿದ್ದರೆ ಸಣ್ಣ ಶಾರ್ಕು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕರ್ನಾಟಕವೆಂದರೆ ನೆಂಟರ ಮನೆಯ ಸೋಫಾ ಮತ್ತು ಸೊಳ್ಳೆ ಎಂಬ ಅಭಿಪ್ರಾಯವಿದ್ದರೆ, ಈ ಒಂದು ದಿನ ಅದನ್ನು ಬದಲಿಸಬಹುದು.

ಕೊನೆಯದಾಗಿ ವೈದ್ಯರ ಚೀಟಿ. ಈ ಸಭೆಯಲ್ಲಿ ನಲವತ್ತು ದಾಟಿದವರು ಬಹಳ ಮಂದಿ ಇದ್ದೀರಿ. ಸಮುದ್ರಕ್ಕೆ ಇಳಿಯುವವರು ನೀರಿಗೆ ಮುಂಚೆ, ಇಳಿಯದವರು ಮುಂದಿನ ಯುಗಾದಿಗೆ ಮುಂಚೆ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅದನ್ನು ನಿಮ್ಮ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅವರು ಕೇಳುವವರೆಗೆ ಕಾಯಬೇಡಿ. ನಮ್ಮ ಗೆಳೆಯರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಇವತ್ತು ಅಡುಗೆಯ ಮೇಲ್ವಿಚಾರಣೆ ಅವರದೇ. ಆದ್ದರಿಂದ ಹೋಳಿಗೆ ಒಂದೇ, ತುಪ್ಪ ಒಂದೇ ಚಮಚ. ಎರಡನೆಯದನ್ನು ಕೇಳಿದವರ ಕಡೆ ಅವರು ನೋಡುವ ನೋಟ ಹುಲಿ ಶಾರ್ಕಿನ ನೋಟಕ್ಕಿಂತ ಕಠಿಣವಾಗಿರುತ್ತದೆ ಎಂದು ಮುಂಚಿತವಾಗಿ ಎಚ್ಚರಿಸುತ್ತೇವೆ.